ಕಿವಿಗೆ ಹಿತವಾದ ಹೆಡ್‌ಫೋನ್

ಹರಳಿನ ರೇಡಿಯೋಗಳ ಕಾಲದಲ್ಲಿ ಹೆಡ್‌ಫೋನ್ ಇಲ್ಲದೆ ಬಾನುಲಿಯನ್ನು ಕೇಳುವುದು ಆಗುತ್ತಿರಲಿಲ್ಲ. ಆ ಯಂತ್ರದಿಂದ ಬರುತ್ತಿದ್ದ ಅಲ್ಪ ಶಕ್ತಿಗೆ ಕಿವಿಗೆ ಒತ್ತಿಕೊಂಡ ಬಿಲ್ಲೆಯೊಂದನ್ನು ಮಿಡಿಸುವಷ್ಟೇ ಬಲವಿತ್ತು. 1910ರಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ನೆಥಾನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಮನೆಯ ಅಡಿಗೆಕೋಣೆಯಲ್ಲಿ ಮಾಡಿದ ಹೆಡ್‌ಫೋನ್‌ಗಳನ್ನು ಆ ದೇಶದ ನೌಕಾಪಡೆಯೇ ಕೊಂಡಿತು. ಮುಂದೆ ಧ್ವನಿವರ್ಧಕವುಳ್ಳ ರೇಡಿಯೋ ಬಂದು, ಮನೆಮಂದಿಯೆಲ್ಲ ಕೂಡಿ ಕೇಳುವ ಸುಖ ಒದಗಿತು. ಈಗ ಆಕಾಶವಾಣಿಯ ಕಛೇರಿಯನ್ನು ಮೊಬೈಲಿನಲ್ಲಿಯೇ ಕೇಳುವವರುಂಟು. ಒಂದೇ ಕೋಣೆಯಲ್ಲಿ ಒಬ್ಬರಿಗೆ ಸಂಗೀತ ಬೇಕು, ಒಬ್ಬರಿಗೆ ಪರೀಕ್ಷೆಯ ಓದು, ಮತ್ತೊಬ್ಬರಿಗೆ ನಿದ್ರೆ. ಇಂಥ ಮನೆಗೆ ಒಪ್ಪುವುದು ಬೆನ್ನು ಮುಚ್ಚಿದ ಹೆಡ್‌ಫೋನ್.

ಹೆಡ್‌ಫೋನಿನ ಪ್ರತಿಯೊಂದು ಬಟ್ಟಲಿನೊಳಗೂ ತೆಳುವಾದ ಪೊರೆಯೊಂದುಂಟು. ಅದು ಅಲುಗಿದಾಗ ನಾದವು ಕಿವಿಯ ಕಡೆಗೂ ಹೊರಡುತ್ತದೆ, ಬೆನ್ನಿನ ಕಡೆಗೂ ಹೊರಡುತ್ತದೆ. ಬೆನ್ನಿನಲ್ಲಿ ಜಾಲರಿಯಿದ್ದರೆ ಕೇಳುವುದು ವಿಶಾಲವಾಗಿರುತ್ತದೆ. ಆದರೆ ಪಕ್ಕದಲ್ಲಿ ಕುಳಿತವರಿಗೂ ಅದರ ಪಾಲು ಸಲ್ಲುತ್ತದೆ, ಹೊರಗಿನ ಗದ್ದಲವೂ ಒಳನುಗ್ಗುತ್ತದೆ. ಬೆನ್ನು ಮುಚ್ಚಿದ್ದರೆ ಎರಡೂ ಬಹುಮಟ್ಟಿಗೆ ನಿಲ್ಲುತ್ತವೆ. ಪಾತ್ರೆಯ ಸದ್ದು, ಮಾತುಕತೆ ಇವು ಚೆನ್ನಾಗಿ ತಗ್ಗುತ್ತವೆ. ಬಸ್ಸಿನ ಎಂಜಿನ್ನಿನಂಥ ತಗ್ಗುಸ್ಥಾಯಿಯ ಮೊರೆತ ಅಷ್ಟಾಗಿ ತಗ್ಗುವುದಿಲ್ಲ.

ಕೊಳ್ಳುವವರು ಸಾಮಾನ್ಯವಾಗಿ ನಾದದ ಗುಣವನ್ನು ಮೊದಲು ವಿಚಾರಿಸುತ್ತಾರೆ. ಹಿತವನ್ನು ಸುಖಪುರುಷರ ಚಿಂತೆಯೆಂದು ಬದಿಗಿಡುತ್ತಾರೆ. ವಾಸ್ತವವಾಗಿ ಇವೆರಡೂ ಒಂದೇ ಗಂಟಿನವು. ಮೆತ್ತೆಯು ಕಿವಿಯ ಸುತ್ತ ಸಂದಿಲ್ಲದೆ ಕುಳಿತರೆ ಮಾತ್ರ ತಗ್ಗಿನ ಸ್ವರಗಳು ನಿಲ್ಲುತ್ತವೆ. ನೋವೆಂದು ಬಟ್ಟಲನ್ನು ಓರೆಮಾಡಿಕೊಂಡರೆ ಸಂದಿ ಬೀಳುತ್ತದೆ. ಆ ಸ್ವರಗಳು ಸೋರಿಹೋಗುತ್ತವೆ, ಹೊರಗಿನ ಗದ್ದಲ ಒಳಸೇರುತ್ತದೆ. ಆಗ ಕೇಳುವವನು ಮಾಡುವುದೇನು? ದನಿಯನ್ನು ಏರಿಸುತ್ತಾನೆ. ಆ ಏರಿಕೆಯ ಸಾಲವನ್ನು ತೀರಿಸಬೇಕಾದದ್ದು ಕಿವಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬೆಲ್ ಆದರೆ ವಾರಕ್ಕೆ ಸುಮಾರು 4 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯವು. ಮಕ್ಕಳ ಕೈಗೆ ಹೆಡ್‌ಫೋನ್ ಕೊಡುವ ತಂದೆತಾಯಿಗಳು ಇದನ್ನು ಮರೆಯಬಾರದು.

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ಬಟ್ಟಲಿನ ಬಾಯಿ ಇಡೀ ಕಿವಿಯನ್ನು ಒಳಗೊಳ್ಳುವಷ್ಟು ಅಗಲವಾಗಿರಬೇಕು. ಕಿವಿಯ ಅಂಚು ಒಳಗಿನ ಬಟ್ಟೆಗೆ ತಗಲದಷ್ಟು ಆಳವಿರಬೇಕು. ನೆತ್ತಿಯ ಪಟ್ಟಿಯ ಭಾರ ಒಂದೇ ಕಡೆ ಬೀಳಬಾರದು. ಕನ್ನಡಕದವರು ಕನ್ನಡಕ ಹಾಕಿಕೊಂಡೇ, ಓಲೆಯುಳ್ಳವರು ಓಲೆಯೊಂದಿಗೇ ನೋಡತಕ್ಕದ್ದು. ಎರಡು ನಿಮಿಷದಲ್ಲಿ ಎಲ್ಲವೂ ಹಿತವೆನಿಸುತ್ತದೆ. ನೋವು ತಲೆದೋರುವುದು ಅರ್ಧ ಗಂಟೆಯ ಮೇಲೆ. ಅಂಗಡಿಯಲ್ಲಿ ಅಷ್ಟು ಹೊತ್ತು ಬಿಡದಿದ್ದರೆ, ಹಿಂದಿರುಗಿಸುವ ಅನುಕೂಲವುಳ್ಳ ಕಡೆ ಕೊಳ್ಳುವುದು ಲೇಸು.

ಸಂದಿಯನ್ನು ಕಂಡುಹಿಡಿಯಲು ಸುಲಭೋಪಾಯವೊಂದುಂಟು. ಮೃದಂಗದ ಎಡಮುಖದ ಗುಮುಕಿ ಸ್ಪಷ್ಟವಾಗಿರುವ ಕಛೇರಿಯೊಂದನ್ನು ಹಚ್ಚಿರಿ. ಎರಡು ಬಟ್ಟಲುಗಳನ್ನೂ ಅಂಗೈಯಿಂದ ಮೆಲ್ಲಗೆ ಒತ್ತಿರಿ. ಒತ್ತಿದಾಗ ಗುಮುಕಿ ಎದ್ದು ಕೇಳಿಸಿದರೆ, ಒತ್ತದಿದ್ದಾಗ ಅದು ಸೋರುತ್ತಿತ್ತೆಂದು ತಿಳಿಯಬೇಕು. ಹೊಸದರ ಬಿಗಿ ಹೆಚ್ಚೆನಿಸಿದರೆ, ತಲೆಗಿಂತ ತುಸು ಅಗಲವಾದ ಪುಸ್ತಕಗಳ ಕಟ್ಟಿಗೆ ರಾತ್ರಿಯೆಲ್ಲ ತೊಡಿಸಿಡಬಹುದು. ದಪ್ಪ ನಿಘಂಟುಗಳಿಗೆ ಇದೂ ಒಂದು ಉಪಯೋಗ.

ನಮ್ಮ ಸೆಕೆಯಲ್ಲಿ ಮೆತ್ತೆಯ ಹೊದಿಕೆಯೂ ಮುಖ್ಯ. ಕೃತಕ ಚರ್ಮ ಸದ್ದನ್ನು ಚೆನ್ನಾಗಿ ತಡೆಯುತ್ತದೆ; ಆದರೆ ಬೆವರು ಹಿಡಿಯುತ್ತದೆ, ಕೆಲವು ವರ್ಷಗಳಲ್ಲಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮಖಮಲ್ಲಿನಂಥ ಬಟ್ಟೆ ತಂಪು; ತಡೆ ಸ್ವಲ್ಪ ಕಡಿಮೆ. ಯಾವುದೇ ಆಗಲಿ, ಮೆತ್ತೆಯನ್ನು ಬದಲಾಯಿಸಲು ಬರುವಂತಿರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. 5,000ದಿಂದ 15,000 ರೂಪಾಯಿಗಳನ್ನು ನಡುಬೆಲೆಯೆಂದು ಇಟ್ಟುಕೊಂಡರೆ, ಆ ಹಣಕ್ಕೆ ತಂತಿಯುಳ್ಳ ಹೆಡ್‌ಫೋನ್ ಕೊಂಡವರಿಗೆ ಬ್ಯಾಟರಿಯ ತಾಪತ್ರಯವಿಲ್ಲ. ಲಕ್ಷಣ ತಿಳಿಯಲೆಂದು ಕೆಲವನ್ನು ಹೆಸರಿಸಬಹುದು. 1991ರಿಂದ ಧ್ವನಿಮುದ್ರಣ ಶಾಲೆಗಳಲ್ಲಿ ಬಳಕೆಯಲ್ಲಿರುವ ಸೋನಿ ಎಂಡಿಆರ್-7506 ಸುಮಾರು 230 ಗ್ರಾಂ ತೂಕದ್ದು. ಹಗುರ, ಆದರೆ ಅದರ ಸುರುಳಿತಂತಿಯನ್ನು ಕಳಚಲಾಗದು. ಆಡಿಯೋ-ಟೆಕ್ನಿಕಾ ಎಂ40ಎಕ್ಸ್ ಸುಮಾರು 240 ಗ್ರಾಂ. ಅದರ ತಂತಿ ಕಳಚಲು ಬರುತ್ತದೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ ಎಂಬುದಕ್ಕೆ ಬಟ್ಟೆಯ ಮೆತ್ತೆಯುಂಟು. ಅದರಲ್ಲಿ 80 ಓಂ, 250 ಓಂ ಎಂಬ ಭೇದಗಳಿವೆ. ಓಂ ಎಂಬುದು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಮೊಬೈಲಿನಲ್ಲಿ ಕೇಳುವವರು 80 ಓಂ ಅಥವಾ ಅದಕ್ಕಿಂತ ಕಡಿಮೆಯದನ್ನು ಆರಿಸುವುದು ಒಳ್ಳೆಯದು. 250 ಓಮಿನದಕ್ಕೆ ಸಾಮಾನ್ಯವಾಗಿ ಬೇರೆ ಆಂಪ್ಲಿಫೈಯರ್ ಬೇಕಾಗುತ್ತದೆ. ತಂತಿಯ ಕುಳಿಯಿಲ್ಲದ ಮೊಬೈಲಿಗೆ ಚಿಕ್ಕ ಅಡಾಪ್ಟರ್ ಒಂದನ್ನು ಕೊಂಡರೆ ಸಾಕು.

ಕೊನೆಗೆ ಎರಡು ಎಚ್ಚರಿಕೆಗಳು. ಮುಚ್ಚಿದ ಹೆಡ್‌ಫೋನ್ ಧರಿಸಿ ರಸ್ತೆಯಲ್ಲಿ ನಡೆಯಬಾರದು. ಹಿಂದಿನಿಂದ ಬರುವ ವಾಹನದ ಸದ್ದು ತಿಳಿಯದೆ ಹೋದೀತು. ಮನೆಯಲ್ಲಿ ಕೇಳುವಾಗಲೂ ಸಣ್ಣ ದನಿಯಲ್ಲಿ ಆರಂಭಿಸಿ, ಮಾತು ಸ್ಪಷ್ಟವಾದೊಡನೆ ಅಲ್ಲಿಗೇ ನಿಲ್ಲಿಸಿರಿ. ಒಳ್ಳೆಯ ಮೆತ್ತೆಗೆ ಕೊಟ್ಟ ಹಣ ಸಾರ್ಥಕವಾಗುವುದು ಆಗಲೇ.