ಡಬ್ಬಿ ಆಮೇಲೆ ತೆಗೀರಿ, ಮೊದಲು ಗೋಡೆ ಮುಟ್ಟಿ ನೋಡಿ

ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸ್ತಿದ್ದೀರಾ? ಗೋಡೆ ಮೇಲೆ ಅಂಗೈ ಸವರಿ. ಬಿಳಿ ಪುಡಿ ಅಂಟಿತಾ? ಅದು ಹಳೇ ಸುಣ್ಣ, ಇಲ್ಲಾ ಡಿಸ್ಟೆಂಪರ್. ಅದರ ಮೇಲೆ ಎಷ್ಟೇ ದುಬಾರಿ ಎಮಲ್ಷನ್ ಬಳಿದರೂ ಹಪ್ಪಳದ ಹಾಗೆ ಏಳುತ್ತೆ. ಪೂರ್ತಿ ಕೆರೆದು, ಒದ್ದೆ ಬಟ್ಟೇಲಿ ಒರೆಸಿ, ಒಣಗೋಕೆ ಬಿಡಿ.

ಬಚ್ಚಲುಮನೆ ಪಕ್ಕದ ಗೋಡೆ ಮೇಲೆ ನನಗೆ ಯಾವಾಗಲೂ ಅನುಮಾನ. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, 24 ಗಂಟೆ ಬಿಡಿ. ಒಳಮೈ ಬೆವತಿದ್ರೆ ತೇವ ಗೋಡೆಯೊಳಗೇ ಇದೆ. ಈಗ ಬೇಕಿರೋದು ಪ್ಲಂಬರ್, ಪೇಂಟರ್ ಅಲ್ಲ.

ಪುಟ್ಟಿ. ವೈಟ್ ಸಿಮೆಂಟ್ ಪುಟ್ಟಿ ಆದ್ರೆ ಗೋಡೆಗೆ ಮೊದಲು ನೀರು ಚಿಮುಕಿಸಿ. ಅಕ್ರಿಲಿಕ್ ಆದ್ರೆ ಒಣ ಗೋಡೆ, ಅದರ ಮೇಲೆ ಪ್ರೈಮರ್, ಆಮೇಲೆ ಪುಟ್ಟಿ. ಯಾವುದೇ ಆಗಲಿ, ತೆಳುವಾಗಿ ಎರಡು ಕೋಟ್. ಒಣಗಿದ ಮೇಲೆ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನ ಗೋಡೆಗೆ ಒತ್ತಿ ಹಿಡಿದು ಅಡ್ಡಡ್ಡ ಬೆಳಕು ಬಿಡಿ. ಉಬ್ಬುತಗ್ಗೆಲ್ಲಾ ಕಾಣುತ್ತೆ. ಉಜ್ಜಿ, ಧೂಳು ಒರೆಸಿ, ಪ್ರೈಮರ್ ಹೊಡೀರಿ.

ಇನ್ನು ಬಾಗಿಲು, ಕಿಟಕಿ. ಮರವನ್ನ ಅದರ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಮೊದಲು 120 ನಂಬರ್ ಪೇಪರ್, ಆಮೇಲೆ 220. ಅಡ್ಡ ಉಜ್ಜಿದ ಗೀರು ಪಾಲಿಷ್ ಮಾಡಿದ ಮೇಲೆ ಎದ್ದು ಕಾಣುತ್ತೆ. (ತೇಗದ ಬಾಗಿಲಿಗೆ ಬಣ್ಣ ಬಳೀಬೇಡಿ ಅನ್ನೋದು ನನ್ನ ಹಟ.)

ಹಳೇ ಎನಾಮೆಲ್ ಇದ್ರೆ ಎಚ್ಚರ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಬಂದಿದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನ ಒಣಗಿದ್ದಾಗ ಉಜ್ಜಬೇಡಿ. ಮಾಸ್ಕ್ ಹಾಕಿ, ನೀರು ಮುಟ್ಟಿಸಿ ವಾಟರ್ ಪೇಪರಲ್ಲಿ ಉಜ್ಜಿ. ಮಕ್ಕಳು, ಬಸುರಿಯರು ಆ ಕೋಣೆ ಕಡೆ ಬರೋದೇ ಬೇಡ. ಇಳಿದ ಕೆಸರು ಒಣಗೋ ಮುಂಚೆ ಒರೆಸಿ, ಕವರಿಗೆ ಕಟ್ಟಿಡಿ.