ಪಪ್ಪಾಯಿಯ ನೆಂಟರು ಯಾರು?

ಜಮಖಂಡಿ, ಮುಧೋಳದ ಕಡೆ ಹೊಲದ ಬದುವಿನಲ್ಲಿ ನುಗ್ಗೆ, ಹಿತ್ತಿಲಲ್ಲಿ ಪಪ್ಪಾಯಿ, ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಕಾಣುವುದು ಸಾಮಾನ್ಯ. ಈ ಮೂರಕ್ಕೂ ಏನು ಸಂಬಂಧ? ನೋಟಕ್ಕೆ ಏನೂ ಇಲ್ಲ.

19ನೇ ಶತಮಾನದಲ್ಲಿ ಬೆಂಥಮ್ ಮತ್ತು ಹೂಕರ್ ಮುಖ್ಯವಾಗಿ ಹೂವಿನ ರಚನೆಯನ್ನು ನೆಚ್ಚಿ ಸಸ್ಯಗಳನ್ನು ವಿಂಗಡಿಸಿದರು. ಪಪ್ಪಾಯಿ ಪ್ಯಾಶನ್ ಹಣ್ಣಿನ ಕುಟುಂಬ ಸೇರಿತು. ಎರಡರಲ್ಲೂ ಬೀಜಗಳು ಕಾಯಿಯ ಒಳಗೋಡೆಗೆ ಅಂಟಿರುತ್ತವೆಯಲ್ಲ! ನುಗ್ಗೆ ಮಾತ್ರ ಎಲ್ಲಿಗೂ ಹೊಂದದೆ ‘ಅಸಂಗತ’ ಸಸ್ಯಗಳ ಸಾಲಿನಲ್ಲಿ ಉಳಿಯಿತು.

ಪಪ್ಪಾಯಿ ಬೀಜವನ್ನು ಜಜ್ಜಿ ಮೂಸಿ ನೋಡಿ. ಸಾಸಿವೆಯ ಘಾಟು! ನುಗ್ಗೆ ಬೇರಿನಲ್ಲೂ ಅದೇ ಘಾಟು. (ಬೇರಿನ ತೊಗಟೆಯಲ್ಲಿ ವಿಷಾಂಶವಿದೆ, ರುಚಿ ನೋಡಬೇಡಿ.) ಈ ಸಸ್ಯಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತುವೂ ಮೈರೊಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಜಾಗದಲ್ಲಿ ಇರುತ್ತವೆ. ಕೀಟ ಕಚ್ಚಿದಾಗ ಇಲ್ಲವೇ ನಾವು ಅರೆದಾಗ ಎರಡೂ ಕೂಡಿ ಖಾರದ ಎಣ್ಣೆ ಹುಟ್ಟುತ್ತದೆ.

ಡೆನ್ಮಾರ್ಕಿನ ಸಸ್ಯವಿಜ್ಞಾನಿ ರಾಲ್ಫ್ ಡಾಲ್‌ಗ್ರೆನ್ 1975ರಲ್ಲಿ ಈ ರಾಸಾಯನಿಕವನ್ನೇ ಗುರುತಾಗಿಟ್ಟುಕೊಂಡು ಘಾಟಿನ ಸಸ್ಯಗಳನ್ನು ಒಂದೇ ಗಣಕ್ಕೆ ತಂದ. ಬಹಳ ಮಂದಿ ಒಪ್ಪಲಿಲ್ಲ. 1990ರ ದಶಕದಲ್ಲಿ ಹರಿತ್ತು ಕಣದಲ್ಲಿರುವ ಆರ್‌ಬಿಸಿಎಲ್ ಎಂಬ ಜೀನಿನ ಸುಮಾರು 1,400 ಅಕ್ಷರಗಳನ್ನು ಹೋಲಿಸಿದಾಗ ಅವನ ಮಾತು ಬಹುಮಟ್ಟಿಗೆ ನಿಜವಾಯಿತು. ನುಗ್ಗೆ, ಪಪ್ಪಾಯಿ ಅಕ್ಕತಂಗಿಯರು. ಸಾಸಿವೆ ಅದೇ ಬಳಗ.

ಬಹುಮಟ್ಟಿಗೆ ಏಕೆಂದರೆ, ನಮ್ಮ ಕಾಡಿನ ಪುತ್ರಂಜೀವ ಮರದಲ್ಲೂ ಇದೇ ರಾಸಾಯನಿಕವಿದೆ. ಜೀನುಗಳ ಪ್ರಕಾರ ಅದು ಔಡಲ, ಅಗಸೆಗಳ ಗಣಕ್ಕೆ ಸೇರಿದ್ದು. ಘಾಟಿನ ವಿದ್ಯೆ ಎರಡು ಸಲ ಬೇರೆ ಬೇರೆಯಾಗಿ ವಿಕಾಸವಾಗಿದೆ! ರಸಾಯನ ಒಳ್ಳೆಯ ಸುಳಿವು, ಆದರೆ ಒಂಟಿ ಸಾಕ್ಷಿ.

ಇದರಿಂದ ರೈತನಿಗೇನು? ಪಪ್ಪಾಯಿ ಬೆಳೆಗಾರರನ್ನು ಕಾಡುವ ಉಂಗುರ ಚುಕ್ಕೆ ನಂಜುರೋಗಕ್ಕೆ ತಡೆಯುವ ಶಕ್ತಿ ದಕ್ಷಿಣ ಅಮೆರಿಕದ ಕೆಲವು ಬೆಟ್ಟದ ಪಪ್ಪಾಯಿಗಳಲ್ಲಿದೆ. ಅವನ್ನು ನಮ್ಮ ಪಪ್ಪಾಯಿಯ ಜಾತಿಯಲ್ಲೇ ಸೇರಿಸಿದ್ದರು. ಆದರೂ ಸಂಕರಣ ಮಾಡಿದರೆ ಭ್ರೂಣಗಳು ಹೆಚ್ಚಾಗಿ ಸಾಯುತ್ತಿದ್ದವು. ಡಿಎನ್‌ಎ ಹೋಲಿಕೆ ಕಾರಣ ತಿಳಿಸಿತು: ಅವು ಎಣಿಸಿದಷ್ಟು ಹತ್ತಿರದವಲ್ಲ. 2000ದಲ್ಲಿ ಅವನ್ನು ವಾಸ್ಕಾನ್ಸೆಲಿಯ ಎಂಬ ಬೇರೆ ಜಾತಿಗೆ ವರ್ಗಾಯಿಸಲಾಯಿತು. 2012ರ ಅಧ್ಯಯನದಂತೆ ಪಪ್ಪಾಯಿಯ ತೀರ ಹತ್ತಿರದ ನೆಂಟರು ಮೆಕ್ಸಿಕೊ, ಗ್ವಾಟೆಮಾಲಗಳಲ್ಲಿ ಬೆಳೆಯುವ, ಹೆಚ್ಚು ಜನರ ಕಣ್ಣಿಗೆ ಬೀಳದ ನಾಲ್ಕೇ ಪ್ರಭೇದಗಳು.