ಗ್ರಾಹಕನಿಗೊಂದು ಕುರ್ಚಿ

ತರಕಾರಿಯವನು ಎರಡು ಸಲ ತೂಕದಲ್ಲಿ ಕೈಚಳಕ ತೋರಿದರೆ ಮೂರನೆಯ ಸಲ ಗೃಹಿಣಿ ಪಕ್ಕದ ಅಂಗಡಿಗೆ ನಡೆಯುತ್ತಾಳೆ. ರವಿಕೆ ಕೆಡಿಸಿದ ದರ್ಜಿಯ ಬಳಿಗೆ ಮತ್ತೆ ಬಟ್ಟೆ ಹೋಗುವುದಿಲ್ಲ. ಔಷಧ ಹಿಡಿಸದಿದ್ದರೆ ವೈದ್ಯರನ್ನೇ ಬದಲಾಯಿಸುವವರುಂಟು. ಆದರೆ ಬ್ಯಾಂಕಿನ ವಿಷಯದಲ್ಲಿ ಮಾತ್ರ ನಮ್ಮ ಮಧ್ಯಮವರ್ಗದ ಕುಟುಂಬಗಳ ಸಹನೆಗೆ ಎಣೆಯಿಲ್ಲ. ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತೇವೆ, ತಲೆಯೆತ್ತದ ಗುಮಾಸ್ತರ ಗದರಿಕೆಯನ್ನು ಕೇಳುತ್ತೇವೆ, ಮನೆಗೆ ಬಂದು ಗೊಣಗುತ್ತೇವೆ. ಮರುದಿನ ಮತ್ತೆ ಅಲ್ಲಿಗೇ ಹೋಗುತ್ತೇವೆ. ನಮ್ಮ ಹಣವನ್ನು ನಾವೇ ಕೇಳುವಾಗಲೂ ಸಾಲ ಕೇಳುವವರಂತೆ ನಿಲ್ಲುವ ಈ ಸಂಕೋಚ ಎಲ್ಲಿಂದ ಬಂದಿತು?

ಕಾರಣಗಳು ಮೂರು. ಮೊದಲನೆಯದು ರೂಢಿ: ತಂದೆಯ ಕಾಲದ ಖಾತೆ, ಮದುವೆಗೆ ಮುಂಚಿನ ಪಾಸ್‌ಪುಸ್ತಕ. ಎರಡನೆಯದು ದಾಕ್ಷಿಣ್ಯ: ಪರಿಚಯದ ಮೇನೇಜರು ಏನೆಂದುಕೊಂಡಾರೋ ಎಂಬ ಅಳುಕು. ಮೂರನೆಯದು ಕಾಗದಪತ್ರಗಳ ಭಯ. ಈ ಮೂರರಲ್ಲಿ ಕೊನೆಯದಕ್ಕೆ ಮಾತ್ರ ಸ್ವಲ್ಪಮಟ್ಟಿನ ಆಧಾರವಿದೆ, ಅದಕ್ಕೂ ಪರಿಹಾರವುಂಟು.

ಬಾಗಿಲಿಗೆ ಬಂದ ಬ್ಯಾಂಕು

ಬ್ಯಾಂಕೆಂದರೆ ದರ್ಪವೆಂಬ ಭಾವನೆ ನಮ್ಮ ನಾಡಿನ ಪರಂಪರೆಗೆ ಒಪ್ಪುವಂಥದಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೆ ಬೀಜ ಹಾಕಿದರು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈಗಳು, ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು, ಉಡುಪಿಯಲ್ಲಿಯೇ ಮತ್ತೊಂದು ಸಂಸ್ಥೆಯನ್ನು ಆರಂಭಿಸಿದರು. ಅದರ ಮೂಲಧನ ಕೇವಲ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ದೇಶವಿಖ್ಯಾತವಾದದ್ದು ಅದೇ.

ಆ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಎರಡಾಣೆಯನ್ನು ಉಳಿಸುವವನೂ ಗೌರವಕ್ಕೆ ಅರ್ಹನಾದ ಗ್ರಾಹಕನೆಂಬ ತತ್ತ್ವ ಆ ಯೋಜನೆಯಲ್ಲಿ ಅಡಗಿದ್ದಿತು. ಗ್ರಾಹಕಸೇವೆ ಎಂಬ ಮಾತು ಜಾಹೀರಾತುಗಳಲ್ಲಿ ಮೆರೆಯುವುದಕ್ಕೆ ಬಹು ಮುಂಚೆಯೇ ಅದು ಕರಾವಳಿಯ ಓಣಿಗಳಲ್ಲಿ ನಡೆದಾಡುತ್ತಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು.

ಕಾಲ ನಿಲ್ಲಲಿಲ್ಲ. 1969ರ ಜುಲೈ 19ರಂದು ರಾಷ್ಟ್ರೀಕೃತವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್‌ಗಳೆರಡೂ ಇದ್ದವು; 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳ ಸರದಿ ಬಂದಿತು. ಆಮೇಲೆ ವಿಲೀನದ ಪರ್ವ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 2019ರ ಅದೇ ದಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಹೀಗೆ ಕನ್ನಡನಾಡಿನ ಅಸಂಖ್ಯಾತ ಕುಟುಂಬಗಳು ತಮ್ಮ ಜಗುಲಿಯ ಮೇಲೆ ಕುಳಿತಂತೆಯೇ ಬ್ಯಾಂಕು ಬದಲಾಯಿಸಿದವು! ಫಲಕ ಬದಲಾಯಿತು, ಚೆಕ್ಕುಪುಸ್ತಕ ಬದಲಾಯಿತು. ಸಂಸಾರ ಎಂದಿನಂತೆ ನಡೆಯಿತು. ನಮ್ಮನ್ನು ಕೇಳದೆ ಆದ ಬದಲಾವಣೆಯನ್ನು ತಾಳಿಕೊಂಡ ನಾವು, ನಾವಾಗಿಯೇ ಆರಿಸಿಕೊಳ್ಳುವ ಬದಲಾವಣೆಗೆ ಅಂಜಬೇಕೆ?

ನಿಯಮ ಒಂದೇ, ನಡತೆ ಬೇರೆ

ನಮ್ಮ ಮನೆಯ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ನನ್ನ ತಂದೆಯವರು ನಿವೃತ್ತ ನೌಕರರು, ವಯಸ್ಸು ಎಪ್ಪತ್ತೆಂಟು. ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಬ್ಯಾಂಕಿಗೆ ಪ್ರಮಾಣಪತ್ರ ಕೊಟ್ಟರೆ ಮಾತ್ರ ಅವರ ಪಿಂಚಣಿ ಮುಂದುವರಿಯುವುದು. ಅವರ ಖಾತೆಯಿದ್ದ ಶಾಖೆ ಮೊದಲನೆಯ ಮಹಡಿಯಲ್ಲಿ, ಲಿಫ್ಟು ಇಲ್ಲ. ಮೊಣಕಾಲು ನೋವಿನ ತಂದೆಯವರು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಹೋದರೆ, ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪಲಿಲ್ಲ. “ನಾಳೆ ಬನ್ನಿ” ಎಂಬ ಉತ್ತರ ಮೂರು ದಿನ ಬಂದಿತು. ನಾಲ್ಕನೆಯ ದಿನ ಕೆಲಸವಾಯಿತು, ನಿಜ. ಆದರೆ ಇಳಿದು ಬರುವಾಗ ತಂದೆಯವರು, “ಬದುಕಿರುವುದೇ ಒಂದು ತಪ್ಪೇನೋ ಎನ್ನುವಂತೆ ನೋಡುತ್ತಾರಪ್ಪ” ಎಂದರು. ಆ ಮಾತು ನನ್ನನ್ನು ಬಹುವಾಗಿ ಕಲಕಿತು. ಪಿಂಚಣಿಯನ್ನು ಬೇರೊಂದು ಬ್ಯಾಂಕಿಗೆ ವರ್ಗಾಯಿಸುವ ಅರ್ಜಿ ಆ ತಿಂಗಳಲ್ಲಿಯೇ ಹೋಯಿತು.

ಮರುವರ್ಷದ ನವೆಂಬರಿನಲ್ಲಿ ಹೊಸ ಶಾಖೆಗೆ ಹೋದೆವು. ಎಳೆಯ ವಯಸ್ಸಿನ ಅಧಿಕಾರಿಣಿಯೊಬ್ಬರು ಎದ್ದುನಿಂತು ತಂದೆಯವರಿಗೆ ಕುರ್ಚಿ ಕೊಟ್ಟರು. ಅಲ್ಲಿಯ ಯಂತ್ರವೂ ಬೆರಳನ್ನು ಒಪ್ಪಲಿಲ್ಲ! ಆಕೆ ನಕ್ಕು, “ದುಡಿದ ಕೈ ಅಲ್ಲವೇ, ಸರ್” ಎಂದು ಕಾಗದದ ನಮೂನೆಯನ್ನು ತೆಗೆದು ತಾವೇ ತುಂಬಿ, ತಂದೆಯವರ ರುಜು ಪಡೆದು, ತಾವೂ ರುಜು ಮಾಡಿ ರಸೀತಿಯನ್ನು ಕೈಗಿತ್ತರು. ಹಿಡಿದ ಕಾಲ ಹದಿನೈದು ನಿಮಿಷ. ಎರಡು ಕಡೆಯೂ ನಿಯಮ ಒಂದೇ, ಯಂತ್ರವೂ ಒಂದೇ. ಬೇರೆಯಾಗಿದ್ದದ್ದು ನಡತೆ ಮಾತ್ರ.

ಇದು ಒಬ್ಬರ ಸೌಜನ್ಯಕ್ಕೇ ಬಿಟ್ಟ ವಿಷಯವೂ ಅಲ್ಲವೆಂಬುದನ್ನು ಓದುಗರು ಗಮನಿಸಬೇಕು. ಎಪ್ಪತ್ತು ದಾಟಿದ ಹಿರಿಯರಿಗೂ ಅಂಗವಿಕಲರಿಗೂ ಮನೆಬಾಗಿಲಲ್ಲಿಯೇ ಮುಖ್ಯ ಸೇವೆಗಳನ್ನು ಒದಗಿಸಲು ಪ್ರಯತ್ನಿಸಬೇಕೆಂದೂ, ಪಿಂಚಣಿದಾರರು ತಮ್ಮ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಜೀವಿತ ಪ್ರಮಾಣಪತ್ರವನ್ನು ಸಲ್ಲಿಸಬಹುದೆಂದೂ ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲಿ ಎಲ್ಲ ಬ್ಯಾಂಕುಗಳಿಗೆ ತಿಳಿಸಿದೆ. ದೂರು ಕೊಟ್ಟು ಮೂವತ್ತು ದಿನಗಳಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಸಮರ್ಪಕವೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಮೊರೆಯಿಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದುದರಿಂದ ಮೊದಲು ಬರಹದಲ್ಲಿ ಕೇಳಿ. ಕೇಳಿಯೂ ಬದಲಾಗದಿದ್ದರೆ ಹೊರಡಿ.

ಹೊರಡುವ ಕ್ರಮ

ಹೊರಡುವುದಕ್ಕೂ ಒಂದು ಕ್ರಮವುಂಟು. ಹೊಸ ನೀರು ಬರುವ ಮುನ್ನ ಹಳೆಯ ನೀರು ಚೆಲ್ಲಬಾರದೆಂದು ಹಿರಿಯರು ಹೇಳುತ್ತಾರೆ. ಮೊದಲು ಹೊಸ ಖಾತೆಯನ್ನು ತೆರೆದು ಮೂರು ನಾಲ್ಕು ತಿಂಗಳು ಸಣ್ಣ ಮೊತ್ತದಿಂದ ನಡೆಸಿ ನೋಡಿ. ದೂರವಾಣಿಯಲ್ಲಿ ಉತ್ತರ ಸಿಗುತ್ತದೆಯೇ, ಕನ್ನಡದಲ್ಲಿ ಮಾತನಾಡುವವರಿದ್ದಾರೆಯೇ, ಕನಿಷ್ಠ ಶಿಲ್ಕು ಎಷ್ಟು, ಶುಲ್ಕಗಳಾವುವು ಎಂಬುದನ್ನು ವಿಚಾರಿಸಿಕೊಳ್ಳಿ.

ಬಳಿಕ ಹಳೆಯ ಖಾತೆಯ ಒಂದು ವರ್ಷದ ಲೆಕ್ಕವನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡಿ: ಸಂಬಳ ಅಥವಾ ಪಿಂಚಣಿ, ಜೀವವಿಮೆಯ ಕಂತು, ವಿದ್ಯುತ್ತಿನ ಬಿಲ್ಲು, ಸಾಲದ ಕಂತು, ಆದಾಯ ತೆರಿಗೆಯ ಮರುಪಾವತಿ, ಆಧಾರ್ ಮೂಲಕ ಬರುವ ಸರ್ಕಾರದ ಹಣ. ವರ್ಷಕ್ಕೊಮ್ಮೆ ಮಾತ್ರ ಬರುವ ವಿಮೆಯ ಕಂತೇ ಸಾಮಾನ್ಯವಾಗಿ ಮರೆತುಹೋಗುವುದು; ಅದಕ್ಕಾಗಿಯೇ ಇಡೀ ವರ್ಷದ ಲೆಕ್ಕ ನೋಡಬೇಕೆನ್ನುವುದು. ಒಂದೊಂದನ್ನೇ ಹೊಸ ಖಾತೆಗೆ ತಿರುಗಿಸಿ, ಕೊಟ್ಟ ಚೆಕ್ಕುಗಳೆಲ್ಲ ಪಾವತಿಯಾದ ಮೇಲೆಯೇ ಹಳೆಯದನ್ನು ಮುಚ್ಚಿ. ಉಳಿದ ಚೆಕ್ಕುಹಾಳೆಗಳನ್ನೂ ಕಾರ್ಡನ್ನೂ ಹಿಂದಿರುಗಿಸಿ, ಖಾತೆ ಮುಚ್ಚಿದ್ದಕ್ಕೆ ಬರಹದಲ್ಲಿ ರಸೀತಿ ಪಡೆಯಿರಿ.

ಹಳೆಯ ಖಾತೆಯನ್ನು ಮುಚ್ಚದೆ ಹಾಗೆಯೇ ಬಿಟ್ಟುಬಿಡುವವರು ಬಹಳ. ಇದು ಸರಿಯಲ್ಲ. ಎರಡು ವರ್ಷಕ್ಕೂ ಮೀರಿ ಗ್ರಾಹಕನ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವೆನಿಸುತ್ತದೆ. ಹತ್ತು ವರ್ಷಗಳಾದರೆ ಅದರ ಹಣ ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಹೋಗುತ್ತದೆ. ಮರಳಿ ಪಡೆಯಬಹುದು, ಆದರೆ ಓಡಾಟ ತಪ್ಪದು.

ಗೃಹಸಾಲವಿದ್ದವರೂ ಅಧೈರ್ಯಪಡಬೇಕಾಗಿಲ್ಲ. ಬಡ್ಡಿದರ ಏರಿಳಿಯುವ ಬಗೆಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸಬಾರದೆಂದು 2012ರಿಂದಲೂ ನಿಯಮವಿದೆ. ಸಾಲ ತೀರಿದ ಮೂವತ್ತು ದಿನಗಳೊಳಗೆ ಮನೆಯ ಮೂಲಪತ್ರಗಳನ್ನು ಹಿಂದಿರುಗಿಸಬೇಕು; ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವೆಂಬ ಕಟ್ಟಳೆ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ನಗುಮುಖಕ್ಕೇ ಮರುಳಾಗದಿರಿ

ಇನ್ನೊಂದು ಎಚ್ಚರಿಕೆ. ಕಾಫಿ ಕೊಟ್ಟು ಕೂರಿಸಿ, ಬೇಡದ ವಿಮಾಪತ್ರವನ್ನು ತಲೆಗೆ ಕಟ್ಟುವುದು ಸೇವೆಯಲ್ಲ, ವ್ಯಾಪಾರ. ಸವಿಮಾತಿನಿಂದ ಬ್ಯಾಂಕು ಭದ್ರವೂ ಆಗದು. ಬ್ಯಾಂಕೊಂದು ಮುರಿದುಬಿದ್ದರೆ ಠೇವಣಿವಿಮೆಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಸಿಗುವುದು, ಅಸಲು ಬಡ್ಡಿಗಳೆರಡೂ ಸೇರಿ, 5 ಲಕ್ಷ ರೂಪಾಯಿಯವರೆಗೆ ಮಾತ್ರ. 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಏರಿಸಿದ ಮಿತಿ ಇದು. ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಡುವ ಮುನ್ನ ಇದನ್ನು ನೆನೆಯುವುದು ಒಳಿತು.

ಬ್ರಿಟನ್ನಿನಲ್ಲಿ 2013ರಿಂದ ಒಂದು ಸೌಕರ್ಯವಿದೆ. ಗ್ರಾಹಕ ಹೊಸ ಬ್ಯಾಂಕಿಗೆ ಹೇಳಿದರೆ ಸಾಕು. ಏಳು ಕೆಲಸದ ದಿನಗಳಲ್ಲಿ ಆತನ ಸಂಬಳ, ಕಂತು, ಬಿಲ್ಲುಗಳೆಲ್ಲ ತಾವಾಗಿಯೇ ಹೊಸ ಖಾತೆಗೆ ಸಾಗುತ್ತವೆ. ನಮ್ಮಲ್ಲಿ ದೂರವಾಣಿಯ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿ ಬದಲಾಯಿಸುವ ಅನುಕೂಲ 2011ರ ಜನವರಿಯಿಂದ ದೇಶಕ್ಕೆಲ್ಲ ದೊರೆತಿದೆ. ಆ ಭಾಗ್ಯ ಬ್ಯಾಂಕಿನ ಖಾತೆಗೂ ಬಂದರೆ ಎಷ್ಟೋ ಶಾಖೆಗಳಲ್ಲಿ ಗುಮಾಸ್ತರು ತಲೆಯೆತ್ತಿ ನೋಡಿಯಾರು. ಗ್ರಾಹಕ ಹೊರಟುಹೋಗಬಲ್ಲನೆಂಬ ಅರಿವೇ ಸೇವೆಗೆ ಒಳ್ಳೆಯ ಪಾಠ.

ಹೋಗುವಾಗ ಜಗಳವಾಡಿ ಹೋಗಬೇಕಾಗಿಲ್ಲ. ಅಲ್ಲಿರುವವರೂ ಮನುಷ್ಯರೇ; ನಾಲ್ವರ ಕೆಲಸವನ್ನು ಇಬ್ಬರು ಮಾಡುವ ಶಾಖೆಗಳೂ ಇವೆ. ಖಾತೆ ಮುಚ್ಚುವ ಅರ್ಜಿಯಲ್ಲಿ ‘ಕಾರಣ’ವೆಂಬ ಜಾಗವಿದ್ದರೆ ಅದನ್ನು ಖಾಲಿ ಬಿಡದೆ, ‘ಸ್ವಂತ ಕಾರಣ’ವೆಂದು ತೇಲಿಸದೆ, ನಡೆದದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಹಾಗೆಯೇ ಹೊಸ ಬ್ಯಾಂಕಿನಲ್ಲಿ ಒಳ್ಳೆಯ ಸೇವೆ ದೊರೆತರೆ ಆ ನೌಕರರ ಹೆಸರು ಹೇಳಿ ಅವರ ಮೇಲಧಿಕಾರಿಗೆ ಒಂದು ಪತ್ರ ಹಾಕಿ. ದೂರು ಬರೆಯಲು ನಮಗೆ ಕೈ ಬರುತ್ತದೆ, ಮೆಚ್ಚುಗೆ ಬರೆಯಲು ಬರುವುದಿಲ್ಲ. ಎರಡನ್ನೂ ಬರೆಯುವ ಗ್ರಾಹಕರಿರುವ ಊರಿನಲ್ಲಿ, ಮುಂದೆ ಬರುವ ಮುದುಕರಿಗೆ ನಿಲ್ಲುವ ಕಷ್ಟ ತಪ್ಪೀತು.